ಮೊದಲ ವರ್ಷದಲ್ಲಿ ಆದ ಕೊರತೆ ಹದಿಹರೆಯದಲ್ಲಿ ತಲೆ ಎತ್ತುತ್ತದೆಯೇ?

ಪ್ರಶ್ನೆ: ಕಿಟಕಿಬದಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 13 ವರ್ಷ. ನಾನು ಎರಡನೆಯ ಬಾರಿ ಗರ್ಭಿಣಿಯಾಗಿದ್ದು, ಏಳನೆಯ ತಿಂಗಳು ನಡೆಯುತ್ತಿದೆ. ಇಬ್ಬರ ನಡುವೆ ಇಷ್ಟು ಅಂತರವೇಕೆ ಎಂದು ಕೇಳುವವರಿಗೆ ಏನಾದರೊಂದು ಹೇಳಿ ಸುಮ್ಮನಾಗುತ್ತೇನೆ. ನಿಜವಾದ ಕಾರಣ ಮೊದಲ ಬಾಣಂತನದ ಅನುಭವ. ಆ ಗರ್ಭಾವಸ್ಥೆಯುದ್ದಕ್ಕೂ ಒಂದಲ್ಲ ಒಂದು ಆತಂಕ ನನ್ನನ್ನು ಕಾಡುತ್ತಿತ್ತು, ಹೆರಿಗೆಯಾದ ಮೇಲೆ ಸುಮಾರು ಎಂಟು ತಿಂಗಳು ಖಿನ್ನತೆ ಹಿಡಿದಿತ್ತು. ಮಗುವಿಗೆ ಹಾಲುಣಿಸುತ್ತಿದ್ದೆ, ಸ್ನಾನ ಮಾಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ಆದರೆ ಅದರ ಮುಖ ನೋಡಿ ನಕ್ಕ ನೆನಪು ಒಂದೂ ಇಲ್ಲ.

ಹೋದ ವಾರ ಹಳೆಯ ಕಾಗದಗಳನ್ನು ಹುಡುಕುವಾಗ ಮಗಳ ಲಸಿಕೆ ಪುಸ್ತಕ ಸಿಕ್ಕಿತು. ತೂಕ, ಎತ್ತರ, ಮೊದಲು ಮಗುಚಿಕೊಂಡ ದಿನ, ಮೊದಲ ಹಲ್ಲು ಎಲ್ಲವನ್ನೂ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಲಾಗಿದೆ. ಮೊದಲ ಎಂಟು ತಿಂಗಳ ಬರಹವೆಲ್ಲ ನನ್ನ ಪತಿಯ ಕೈಬರಹ. ನನ್ನದು ಒಂದು ಸಾಲೂ ಇಲ್ಲ.

ಈಗ ಮಗಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಕೇಳಿದರೂ "ನಿನಗೆ ಅರ್ಥವಾಗುವುದಿಲ್ಲ" ಎನ್ನುತ್ತಾಳೆ. ಓದಿನಲ್ಲಿ ತೊಂದರೆಯಿಲ್ಲ, ಇಬ್ಬರು ಆಪ್ತ ಗೆಳತಿಯರಿದ್ದಾರೆ, ಅವರೊಂದಿಗೆ ಗಂಟೆಗಟ್ಟಲೆ ಮಾತನಾಡುತ್ತಾಳೆ. ಮೊದಲ ಸಾವಿರ ದಿನಗಳಲ್ಲಿ ಮಗುವಿನ ಮನಸ್ಸಿನ ಅಡಿಪಾಯವೆಲ್ಲ ಮುಗಿದುಹೋಗುತ್ತದೆ, ಆಗ ತಪ್ಪಿದ್ದನ್ನು ಮುಂದೆ ಸರಿಪಡಿಸಲಾಗದು ಎಂದು ಹಲವು ಕಡೆ ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಇಂದಿನ ಈ ಮುಚ್ಚಿದ ಬಾಗಿಲು ಅಂದಿನ ನನ್ನ ನಗದ ಮುಖದ ಫಲವೇ? ಹುಟ್ಟುವ ಮೊದಲಿನಿಂದ ಹದಿಹರೆಯದವರೆಗೆ ಮನಸ್ಸು ನಿಜವಾಗಿ ಹೇಗೆ ಬೆಳೆಯುತ್ತದೆ, ಯಾವುದು ಯಾವಾಗ ಗಟ್ಟಿಯಾಗುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಬರಲಿರುವ ಮಗುವಿನ ವಿಷಯದಲ್ಲಿ ಏನು ಮಾಡಬೇಕು ಎಂಬುದೂ ನನ್ನ ಪ್ರಶ್ನೆಯೇ.

ಉತ್ತರ: ಎರಡನೇ ಕುರ್ಚಿ

ನಾನು ಹಲವು ವರ್ಷಗಳಿಂದ ತಾಯಂದಿರು ಮತ್ತು ಮಕ್ಕಳ ನಡುವೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯನ್ನು ಹುಟ್ಟಿಗೆ ಮುಂಚಿನಿಂದಲೇ ತೆಗೆದುಕೊಳ್ಳುತ್ತೇನೆ.

ಗರ್ಭದಲ್ಲಿರುವ ಶಿಶು ಹೊರಗಿನ ಸದ್ದಿಗೆ ಪ್ರತಿಕ್ರಿಯಿಸಲು ಆರಂಭಿಸುವುದು ಸರಿಸುಮಾರು ಆರನೆಯ ತಿಂಗಳ ಕೊನೆಯಲ್ಲಿ. ಆಮೇಲಿನ ವಾರಗಳಲ್ಲಿ ಅದು ಕೇಳುವುದಷ್ಟೇ ಅಲ್ಲ, ಕೇಳಿದ್ದನ್ನು ಗುರುತಿಟ್ಟುಕೊಳ್ಳುತ್ತದೆ ಕೂಡ. ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ರಬ್ಬರ್ ತೊಟ್ಟನ್ನು ಚೀಪುವ ಲಯವನ್ನು (ಆ ಲಯಕ್ಕೆ ತಕ್ಕಂತೆ ಕೇಳಿಸುವ ದನಿ ಬದಲಾಗುತ್ತಿತ್ತು) ಬದಲಿಸಿಕೊಂಡು ಬೇರೊಬ್ಬ ಹೆಂಗಸಿನ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಹೆಚ್ಚು ಕೇಳಿಸಿಕೊಂಡವು. ಗರ್ಭಾವಸ್ಥೆಯ ಕೊನೆಯ ಆರು ವಾರಗಳಲ್ಲಿ ತಾಯಿ ದಿನವೂ ಗಟ್ಟಿಯಾಗಿ ಓದಿದ ಪಠ್ಯವನ್ನು ನವಜಾತ ಶಿಶುಗಳು ಗುರುತಿಸುತ್ತವೆ ಎಂದು 1986ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಮೊದಲ ಅಳುವಿನಲ್ಲೇ ಭಾಷೆಯ ನೆರಳು ಬೀಳುತ್ತದೆ ಎಂಬುದು ನನಗೆ ಬಲು ಪ್ರಿಯವಾದ ಸಂಗತಿ: 2009ರ ಅಧ್ಯಯನವೊಂದರಲ್ಲಿ ಫ್ರೆಂಚ್ ಮನೆಗಳ ನವಜಾತ ಶಿಶುಗಳ ಅಳು ಹೆಚ್ಚಾಗಿ ಏರುವ ದಾಟಿಯಲ್ಲೂ, ಜರ್ಮನ್ ಮನೆಗಳ ಶಿಶುಗಳ ಅಳು ಇಳಿಯುವ ದಾಟಿಯಲ್ಲೂ ಇದ್ದುದು ಕಂಡುಬಂತು. ಅಂದರೆ ಈ ಏಳನೆಯ ತಿಂಗಳಲ್ಲಿ ನಿಮ್ಮ ದನಿ ಮಾತ್ರವಲ್ಲ, ಅಷ್ಟು ಸ್ಪಷ್ಟವಾಗಿ ಅಲ್ಲದಿದ್ದರೂ ನಿಮ್ಮ ಮಗಳ ದನಿಯೂ ಒಳಗೆ ತಲುಪುತ್ತಿದೆ.

ಆತಂಕದ ಮಾತಿಗೆ ಬರೋಣ. ತಾಯಿಯ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದಾಗ ಅದು ನೇರವಾಗಿ ಮಗುವಿಗೆ ಹರಿದುಹೋಗುವುದಿಲ್ಲ; ಮಾಸುವಿನಲ್ಲಿರುವ ಒಂದು ಕಿಣ್ವ ಅದರ ಬಹುಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ಈ ತಡೆ ಪರಿಪೂರ್ಣವಲ್ಲ. ತೀವ್ರವಾದ, ದೀರ್ಘಕಾಲದ ಒತ್ತಡದಲ್ಲಿ ಅದು ದುರ್ಬಲವಾಗುವ ಸಾಧ್ಯತೆ ಇದೆ. ಆದ್ದರಿಂದ ಯಾವ ಪರಿಣಾಮವೂ ಇಲ್ಲ ಎಂದು ನಾನು ಹೇಳಲಾರೆ. ಪರಿಣಾಮ ಎಷ್ಟು ಎಂಬುದನ್ನು ಲೆಕ್ಕ ತಿಳಿದವರು ಕೆಳಗೆ ಬರೆಯಬಹುದು.

ಹುಟ್ಟಿದ ನಂತರದ ಎಂಟು ತಿಂಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ "ನಿಶ್ಚಲ ಮುಖ"ದ ಪ್ರಯೋಗವನ್ನು ನೀವೂ ಎಲ್ಲಾದರೂ ಓದಿರಬಹುದು. ಮಗುವಿನೊಂದಿಗೆ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಭಾವಶೂನ್ಯವಾಗಿಸಿಕೊಂಡು ಕೂರುತ್ತಾಳೆ. ಮಗು ಮೊದಲು ನಗುತ್ತದೆ, ಆಮೇಲೆ ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ಬೇರೆಡೆಗೆ ತಿರುಗಿಸಿ ಕುಗ್ಗಿ ಕುಳಿತುಬಿಡುತ್ತದೆ. ಖಿನ್ನತೆ ಅನುಭವಿಸಿದ ತಾಯಂದಿರಿಗೆ ಈ ದೃಶ್ಯ ಸಹಿಸಲು ಕಷ್ಟ. ಆದರೆ ಅದೇ ಟ್ರಾನಿಕ್ ಮುಂದೆ ಕಂಡುಕೊಂಡದ್ದನ್ನು ಯಾರೂ ಹೇಳುವುದಿಲ್ಲ: ಆರೋಗ್ಯವಂತ ತಾಯಿ-ಮಗುವಿನ ಜೋಡಿಯಲ್ಲೂ ಇಬ್ಬರ ಭಾವ ಒಂದಕ್ಕೊಂದು ಹೊಂದಿಕೆಯಾಗಿರುವುದು ಒಟ್ಟು ಸಮಯದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದ ಸಮಯವೆಲ್ಲ ತಪ್ಪುವುದು, ಮತ್ತೆ ಹೊಂದಿಸಿಕೊಳ್ಳುವುದು, ಮತ್ತೆ ತಪ್ಪುವುದು. ಹೀಗೆ ಸರಿಪಡಿಸಿಕೊಳ್ಳುವ ಈ ಕ್ರಿಯೆಯಿಂದಲೇ ಮಗು "ಕೆಟ್ಟದ್ದು ದಾಟಿಹೋಗುತ್ತದೆ" ಎಂಬುದನ್ನು ಕಲಿಯುತ್ತದೆ ಎಂಬುದು ಅವರ ವಾದ.

ಇನ್ನು ಲಸಿಕೆ ಪುಸ್ತಕ. ಆ ಕೈಬರಹವನ್ನು ನೀವು ನಿಮ್ಮ ವಿರುದ್ಧದ ಸಾಕ್ಷ್ಯವಾಗಿ ಓದಿದ್ದೀರಿ. ನಾನು ಅದನ್ನು ಓದುವ ಬಗೆಯೇ ಬೇರೆ: ಆ ಎಂಟು ತಿಂಗಳು ಮಗುವನ್ನು ಒಬ್ಬರು ದಿನವೂ ಗಮನವಿಟ್ಟು ನೋಡುತ್ತಿದ್ದರು, ಮಗುಚಿಕೊಂಡ ದಿನವನ್ನು ಬರೆದಿಡುವಷ್ಟು. ತಾಯಿಯೊಬ್ಬಳೊಂದಿಗೇ ಬಾಂಧವ್ಯ ಬೆಸೆಯುತ್ತದೆ ಎಂಬ ನಂಬಿಕೆ ಬಾಂಧವ್ಯದ ಸಿದ್ಧಾಂತವನ್ನು ರೂಪಿಸಿದ ಮನೋವೈದ್ಯ ಜಾನ್ ಬೌಲ್ಬಿಯವರ ಆರಂಭದ ಬರಹಗಳಿಂದ ಹರಡಿತು. ಆದರೆ 1964ರಲ್ಲೇ ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ಹಿಂಬಾಲಿಸಿದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್, 18 ತಿಂಗಳ ಹೊತ್ತಿಗೆ ಒಬ್ಬರನ್ನಷ್ಟೇ ಅಂಟಿಕೊಂಡ ಮಕ್ಕಳು ಶೇ. 13ರಷ್ಟು ಮಾತ್ರ ಎಂದು ಕಂಡುಕೊಂಡರು. ಬಹುತೇಕ ಮಕ್ಕಳಿಗೆ ತಂದೆ, ಅಜ್ಜಿ-ಅಜ್ಜ, ದೊಡ್ಡ ಮಕ್ಕಳು ಹೀಗೆ ಇಬ್ಬರು ಮೂವರು ಆಸರೆಯಿರುತ್ತಾರೆ. ನಿಮ್ಮ ಮಗಳಿಗೂ ಇದ್ದರು.

ಎರಡನೆಯ ಹೆರಿಗೆಯ ವಿಷಯದಲ್ಲಿ ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಒಮ್ಮೆ ಬಂದ ಬಾಣಂತಿ ಖಿನ್ನತೆ ಮತ್ತೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಮುಂದಿನ ತಪಾಸಣೆಯಲ್ಲೇ, ಅವರು ಕೇಳುವವರೆಗೆ ಕಾಯದೆ, ಹಿಂದೆ ಹೀಗಾಗಿತ್ತು ಎಂದು ವೈದ್ಯರಿಗೆ ತಿಳಿಸಿ. ಗರ್ಭಿಣಿಯರಲ್ಲಿ ಸುಮಾರು ಶೇ. 10ರಷ್ಟು ಮತ್ತು ಬಾಣಂತಿಯರಲ್ಲಿ ಸುಮಾರು ಶೇ. 13ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯನ್ನು, ಮುಖ್ಯವಾಗಿ ಖಿನ್ನತೆಯನ್ನು, ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಹೇಳಲಿರುವುದು ಅವರಿಗೆ ಹೊಸದಾಗಿರುವುದಿಲ್ಲ.

ಉತ್ತರ: ಅಡಿಟಿಪ್ಪಣಿ

ಲೆಕ್ಕದ ಭಾಗವನ್ನು ನಾನು ಬರೆಯುತ್ತೇನೆ; ಸಂಶೋಧನಾ ವರದಿಗಳನ್ನು ಓದುವುದೇ ನನ್ನ ವೃತ್ತಿ, ಅದರ ದುರಭ್ಯಾಸಗಳೂ ನನಗಿವೆ.

ಗರ್ಭಾವಸ್ಥೆಯ ಆತಂಕದ ಬಗ್ಗೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಒಂದು ಬ್ರಿಟನ್ನಿನ ಏವನ್ ಪ್ರದೇಶದ್ದು. 1990ರ ದಶಕದ ಆರಂಭದಲ್ಲಿ ಸುಮಾರು 14,000 ಗರ್ಭಿಣಿಯರನ್ನು ಸೇರಿಸಿಕೊಂಡು ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಆತಂಕದ ಅಂಕಗಳಲ್ಲಿ ಮೇಲಿನ ಶೇ. 15ರೊಳಗೆ ಬಂದ ತಾಯಂದಿರ ಮಕ್ಕಳಲ್ಲಿ, 13 ವರ್ಷದವರೆಗಿನ ಅವಧಿಯಲ್ಲಿ, ಮಾನಸಿಕ ತೊಂದರೆಯ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. "ಎರಡು ಪಟ್ಟು" ಎಂಬಷ್ಟನ್ನೇ ಶೀರ್ಷಿಕೆಗೆ ಏರಿಸಿದರೆ ಯಾವ ತಾಯಿಗೂ ನಿದ್ದೆ ಬರುವುದಿಲ್ಲ. ಮೂಲ ಸಂಖ್ಯೆ ಹೀಗಿದೆ: ಇತರ ಮಕ್ಕಳಲ್ಲಿ ಸುಮಾರು ಶೇ. 7, ಈ ಮಕ್ಕಳಲ್ಲಿ ಸುಮಾರು ಶೇ. 12. ಅಂದರೆ ಅತಿ ಹೆಚ್ಚು ಆತಂಕದಲ್ಲಿದ್ದ ನೂರು ತಾಯಂದಿರ ಮಕ್ಕಳಲ್ಲಿ 88 ಮಕ್ಕಳಿಗೆ ಅಂಥ ತೊಂದರೆ ಇರಲಿಲ್ಲ. ಎರಡೂ ವಾಕ್ಯಗಳು ನಿಜ. ನಿಮಗೆ ಒಂದನ್ನು ಮಾತ್ರ ಯಾರೋ ಓದಿಸಿದ್ದಾರೆ.

ಈ ಶೀರ್ಷಿಕೆ ರೋಗಕ್ಕೆ ಇನ್ನೊಂದು ನಿದರ್ಶನ, ಗರ್ಭಸ್ಥ ಶಿಶುವಿಗೆ ಮೊಜಾರ್ಟ್ ಕೇಳಿಸಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತು. 1993ರ ಆ ಮೂಲ ಪ್ರಯೋಗದಲ್ಲಿ ಶಿಶುಗಳೇ ಇರಲಿಲ್ಲ. ಅದರಲ್ಲಿದ್ದವರು 36 ಕಾಲೇಜು ವಿದ್ಯಾರ್ಥಿಗಳು, ಮತ್ತು ಕಾಗದ ಮಡಚುವಂಥ ಒಂದು ಬಗೆಯ ಪರೀಕ್ಷೆಯಲ್ಲಿ ಕಂಡ ಸುಧಾರಣೆ ಹತ್ತು ಹದಿನೈದು ನಿಮಿಷಗಳಲ್ಲಿ ಮಾಯವಾಗಿತ್ತು. ಹೀಗಿದ್ದೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆ ಹಂಚಬೇಕೆಂದು ಪ್ರಸ್ತಾಪಿಸಿದರು.

ಈಗ "ಯಾವುದು ಯಾವಾಗ ಗಟ್ಟಿಯಾಗುತ್ತದೆ" ಎಂಬ ಪ್ರಶ್ನೆ. ಇಲ್ಲಿ ಒಂದು ವ್ಯತ್ಯಾಸ ಮಾಡಿಕೊಳ್ಳದಿದ್ದರೆ ಎಲ್ಲವೂ ಗೋಜಲಾಗುತ್ತದೆ. ಮಿದುಳಿನ ಕೆಲವು ಕಲಿಕೆಗಳಿಗೆ ನಿರ್ದಿಷ್ಟ ಕಾಲವಿದೆ, ಆದರೆ ಅವಕ್ಕೆ ಬೇಕಾದ ಅನುಭವ ಅತಿ ಸಾಮಾನ್ಯವಾದದ್ದು: ಬೆಳಕು, ಆಕಾರ, ಮಾತು, ಎತ್ತಿಕೊಳ್ಳುವ ಒಂದು ಜೊತೆ ಕೈ. ಯಾವ ಮನೆಯಲ್ಲಿ ಬೆಳೆದರೂ ಇವು ಸಿಕ್ಕೇ ಸಿಗುತ್ತವೆ ಎಂದು ಮಿದುಳು ಎಣಿಸಿಕೊಂಡಿರುತ್ತದೆ. ಇನ್ನುಳಿದ ಕಲಿಕೆಗಳಿಗೆ, ಎಂದರೆ ಪದಸಂಪತ್ತು, ಓದು, ಸಂಗೀತ, ಸ್ನೇಹ, ಸಂಯಮ ಇವುಗಳಿಗೆ, ಬಾಗಿಲು ಹಾಕುವ ದಿನವೇ ಇಲ್ಲ. ಮೊದಲನೆಯದಕ್ಕೆ ನಮಗೆ ಸುಲಭವಾಗಿ ಅರ್ಥವಾಗುವ ಉದಾಹರಣೆ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ. ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಸಲೀಸಾಗಿ ಬೇರ್ಪಡಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಆ ಸಾಮರ್ಥ್ಯ ಬಹುಮಟ್ಟಿಗೆ ಉಡುಗಿತ್ತು. ಕನ್ನಡದ ಕಿವಿಗೆ ತ-ಟ ಬೇರೆಯೆಂಬುದರಲ್ಲಿ ಸಂಶಯವೇ ಇಲ್ಲವಲ್ಲ; ಆ ಸಂಶಯ ಹುಟ್ಟದಂತೆ ನಮ್ಮ ಕಿವಿ ಪಳಗಿದ್ದು ಒಂದು ವರ್ಷ ತುಂಬುವ ಮೊದಲೇ. ಇದನ್ನು ನಷ್ಟವೆಂದು ಕರೆಯಲಾರೆ. ಸುತ್ತಲಿನ ಭಾಷೆಗೆ ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ಚೂಪುಗೊಳಿಸಿಕೊಳ್ಳುವ ಕ್ರಮವದು.

ಆ ಸಾಮಾನ್ಯ ಅನುಭವವೂ ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ರೊಮೇನಿಯಾದ ಅನಾಥಾಲಯಗಳೇ ದುಃಖದ ಸಾಕ್ಷ್ಯ. ಅಲ್ಲಿ ಶಿಶುಗಳಿಗೆ ಹಾಸಿಗೆ, ಹಾಲು ಇದ್ದವು, ಎತ್ತಿಕೊಂಡು ಮಾತನಾಡಿಸುವವರು ಇರಲಿಲ್ಲ. ಈ ಶತಮಾನದ ಆರಂಭದಲ್ಲಿ ಬುಖಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕಳಿಸಿದರು. ಕುಟುಂಬ ಸೇರಿದವರು ಬುದ್ಧಿಶಕ್ತಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಆಸುಪಾಸಿಗೆ ಮೊದಲೇ ಸೇರಿದವರು ಇನ್ನಷ್ಟು ಚೆನ್ನಾಗಿ ಚೇತರಿಸಿಕೊಂಡರು. ನೀವು ಓದಿದ "ಮೊದಲ ಸಾವಿರ ದಿನ" ಎಂಬ ಘೋಷಣೆಯ ಹಿಂದಿರುವ ಗಟ್ಟಿಯಾದ ಪುರಾವೆ ಇಂಥದ್ದು. ಇಂಥ ತೀವ್ರ ವಂಚನೆಯ ಫಲಿತಾಂಶವನ್ನು ಹಾಲುಣಿಸಿ, ಸ್ನಾನ ಮಾಡಿಸಿ, ಗಂಡನ ಕೈಗೆ ಕೊಟ್ಟು ಮಲಗಿದ ಒಬ್ಬ ದಣಿದ ತಾಯಿಗೆ ಅನ್ವಯಿಸುವುದು ಲೆಕ್ಕದ ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು.

"ಎರಡನೇ ಕುರ್ಚಿ" ಅವರು ಬಾಂಧವ್ಯಕ್ಕೆ ಕೊಟ್ಟ ತೂಕದ ಬಗ್ಗೆ ಒಂದು ಸಣ್ಣ ಭಿನ್ನಾಭಿಪ್ರಾಯ. ಶೈಶವದ ಬಾಂಧವ್ಯವು ಮುಂದಿನ ನಡವಳಿಕೆಯನ್ನು ಸೂಚಿಸುವುದು ನಿಜ, ಆದರೆ ಆ ಸೂಚನೆ ಸಾಧಾರಣ ಬಲದ್ದು. ಮಗು ಹೊತ್ತು ತಂದ ಸ್ವಭಾವ, ಮಧ್ಯೆ ಬಂದ ಘಟನೆಗಳು, ಈಗಿನ ಸಂಬಂಧ, ಇವೆಲ್ಲ ಅದರ ಮೇಲೆ ತಮ್ಮ ಗೆರೆ ಎಳೆಯುತ್ತವೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್, ಬಡತನ, ಹೆರಿಗೆಯ ತೊಡಕು, ಹೆತ್ತವರ ಕಾಯಿಲೆ ಮುಂತಾದ ಹಲವು ಸಂಕಷ್ಟಗಳು ಒಟ್ಟಿಗೆ ಬಂದೊದಗಿದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಸಮರ್ಥರಾಗಿ, ಮಮತೆಯುಳ್ಳವರಾಗಿ ಬೆಳೆದುದನ್ನು ಕಂಡರು. ಅಂಥವರ ಬಾಲ್ಯದಲ್ಲಿ ಸ್ಥಿರವಾಗಿ ನಿಂತ ಒಬ್ಬರಾದರೂ ಹಿರಿಯರಿದ್ದರು. ಆ ಹಿರಿಯರು ತಾಯಿಯೇ ಆಗಿರಬೇಕಿರಲಿಲ್ಲ.

ಉತ್ತರ: ಸೀಮೆಸುಣ್ಣ

ಗರ್ಭ, ಶೈಶವ, ಹದಿಹರೆಯ ಎಂದು ಎಲ್ಲರೂ ಎರಡು ತುದಿಗಳನ್ನು ಹಿಡಿದು ಎಳೆಯುತ್ತಾರೆ. ಮಧ್ಯದ ವರ್ಷಗಳು ಯಾರಿಗೂ ಬೇಡ. 30 ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನಾಗಿ ಈ ತಾರತಮ್ಯದ ಬಗ್ಗೆ ನನಗೆ ಹಳೆಯ ತಕರಾರಿದೆ, ಆದ್ದರಿಂದ ಸ್ವಲ್ಪ ಜಾಗ ಕೊಡಿ.

ಮೂರು ಮತ್ತು ಐದು ವರ್ಷಗಳ ನಡುವೆ ಮಗುವಿಗೆ ಒಂದು ದೊಡ್ಡ ಅರಿವು ಮೂಡುತ್ತದೆ: ನನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿರಬೇಕಾಗಿಲ್ಲ. ಇದನ್ನು ಪರೀಕ್ಷಿಸುವ ವಿಧಾನವನ್ನು ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ 1983ರಲ್ಲಿ ಪ್ರಕಟಿಸಿದರು. ಒಬ್ಬ ಹುಡುಗ ತಿಂಡಿಯನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅವನಿಲ್ಲದಾಗ ಅದನ್ನು ಬೇರೆ ಕಪಾಟಿಗೆ ಸಾಗಿಸಲಾಗುತ್ತದೆ. ಮರಳಿ ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಈಗ ಇರುವ ಕಪಾಟನ್ನೇ ತೋರಿಸುತ್ತದೆ. ನಾಲ್ಕೂವರೆಯ ಮಗು "ಅವನಿಗೆ ಗೊತ್ತಿಲ್ಲವಲ್ಲ" ಎಂದು ನಕ್ಕು ಮೊದಲಿನದನ್ನು ತೋರಿಸುತ್ತದೆ. ಸುಳ್ಳು ಹೇಳುವುದು, ಗುಟ್ಟು ಕಾಪಾಡುವುದು, ಕ್ಷಮೆ ಕೇಳುವುದು ಎಲ್ಲವೂ ಚಿಗುರುವುದು ಈ ಒಂದೇ ಬುಡದಿಂದ. ಮಗು ಮೊದಲ ಬಾರಿ ಚೆನ್ನಾಗಿ ಸುಳ್ಳು ಹೇಳಿದ ದಿನ ಪೋಷಕರು ಗದರಿಸುತ್ತಾರೆ. ನಾನು ಒಳಗೊಳಗೇ ಸಂತೋಷಪಡುತ್ತಿದ್ದೆ.

ಆರು ವರ್ಷದ ಹುಡುಗಿಯೊಬ್ಬಳು ತರಗತಿಯ ಬಾಗಿಲ ಬಳಿ ಕುಳಿತು ಶೂ ದಾರ ಕಟ್ಟಿಕೊಳ್ಳುತ್ತಿದ್ದ ದೃಶ್ಯ ಇಂದಿಗೂ ಕಣ್ಣ ಮುಂದಿದೆ. "ಮೊದಲು ಇದು ಕೆಳಗೆ... ಆಮೇಲೆ ಕಿವಿ ಮಾಡು... ಅಯ್ಯೋ ಅದಲ್ಲ, ಈ ಕಿವಿ... ಸುತ್ತು, ಸುತ್ತು, ಎಳಿ." ಯಾರೊಂದಿಗೂ ಅಲ್ಲ, ತನ್ನೊಂದಿಗೇ ಮಾತು. ಇದು ಬಾಲಿಶತನವೆಂದು ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಆರಂಭದಲ್ಲಿ ಭಾವಿಸಿದ್ದರು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ ಇದನ್ನು ತಿರುಗಿಸಿ ನೋಡಿದರು: ಹಿರಿಯರು ಹೊರಗಿನಿಂದ ಕೊಟ್ಟ ಸೂಚನೆಯನ್ನು ಮಗು ಈಗ ತನ್ನ ಬಾಯಿಂದ ತನಗೇ ಕೊಟ್ಟುಕೊಳ್ಳುತ್ತಿದೆ, ನಾಳೆ ಇದೇ ಮಾತು ಒಳಕ್ಕಿಳಿದು ಯೋಚನೆಯಾಗುತ್ತದೆ. ಆ ಹುಡುಗಿ ಎರಡನೆಯ ತರಗತಿಗೆ ಬರುವಷ್ಟರಲ್ಲಿ ತುಟಿ ಮಾತ್ರ ಅಲುಗುತ್ತಿತ್ತು. ಮೂರನೆಯ ತರಗತಿಯಲ್ಲಿ ಅದೂ ಇರಲಿಲ್ಲ.

ಪಿಯಾಜೆಯವರ ನಾಣ್ಯದ ಸಾಲುಗಳ ಪ್ರಯೋಗವನ್ನು ನಾನೇ ಹಲವು ಬಾರಿ ಮಾಡಿದ್ದೇನೆ. ಎರಡು ಸಾಲುಗಳಲ್ಲೂ ಆರಾರು ನಾಣ್ಯ. ಒಂದು ಸಾಲನ್ನು ಹಿಗ್ಗಿಸಿದರೆ ಐದು ವರ್ಷದ ಮಗು ಉದ್ದದ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತದೆ. ಆದರೆ 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ಕಿಡಿಗೇಡಿ ಗೊಂಬೆ ಕರಡಿ ಬಂದು ಸಾಲನ್ನು ಕೆಡಿಸುವಂತೆ ಮಾಡಿದಾಗ, ಅದೇ ವಯಸ್ಸಿನ ಮಕ್ಕಳಲ್ಲಿ ಬಹಳಷ್ಟು ಮಂದಿ "ಎರಡೂ ಒಂದೇ" ಎಂದರು. ಮೇಷ್ಟ್ರು ಕೈಯಾರೆ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತಿತ್ತು! ಇದನ್ನು ತಿಳಿದ ಮೇಲೆ ನಾನು ಮಕ್ಕಳಿಗೆ ಪ್ರಶ್ನೆ ಕೇಳುವ ರೀತಿಯನ್ನೇ ಬದಲಿಸಿಕೊಂಡೆ.

ಮಗುವಿಗೆ ಕೆಲಸದಲ್ಲಿ ಕೈಕುದುರುವ ಕಾಲವೂ ಇದೇ. ಆರರಿಂದ ಹನ್ನೊಂದರವರೆಗೆ ತಾನು ಏನನ್ನಾದರೂ ಚೆನ್ನಾಗಿ ಮಾಡಬಲ್ಲೆ ಎಂಬ ಭರವಸೆ ಅಥವಾ ತಾನು ಇತರರಿಗಿಂತ ಕೀಳು ಎಂಬ ಭಾವನೆ ನೆಲೆಯೂರುತ್ತದೆ ಎಂದು ಎರಿಕ್ ಎರಿಕ್‌ಸನ್ ಹೇಳಿದ್ದನ್ನು ತರಗತಿಯಲ್ಲಿ ದಿನವೂ ಕಂಡಿದ್ದೇನೆ. ಅಮ್ಮಾ, ಮಗಳ ಮೊದಲ ಎಂಟು ತಿಂಗಳ ಬಗ್ಗೆ ನೀವು ಒಂದು ಪುಟ ಬರೆದಿರಿ. ಆಮೇಲಿನ 12 ವರ್ಷಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಆ ವರ್ಷಗಳಲ್ಲಿ ಅವಳಿಗೆ ಓದು ಕಲಿಸಿದವರು ಯಾರು, ಬಿದ್ದಾಗ ಎತ್ತಿದವರು ಯಾರು?

ಕಿಟಕಿಬದಿ

ಮೂವರಿಗೂ ಕೃತಜ್ಞತೆಗಳು. "ಸೀಮೆಸುಣ್ಣ" ಸರ್, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ "ನಾನೇ". ಅದನ್ನು ಬರೆಯಬೇಕೆಂದು ನನಗೆ ತೋಚಲೇ ಇಲ್ಲ.

ಆದರೂ ಬಾಗಿಲಿನ ವಿಷಯ ಉಳಿಯಿತು. ಎರಡು ವರ್ಷಗಳ ಹಿಂದಿನವರೆಗೂ ಶಾಲೆಯಿಂದ ಬಂದವಳೇ ನನ್ನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಒದರುತ್ತಿದ್ದಳು. ಈಗ ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಬೆಳಗ್ಗೆ ಏಳುವುದಿಲ್ಲ, ಮೊಡವೆ ಕಾಣುತ್ತದೆಂದು ಒಂದು ದಿನ ಶಾಲೆಗೇ ಹೋಗಲಿಲ್ಲ. ಇದರಲ್ಲಿ ಯಾವುದು ವಯಸ್ಸಿನ ಸಹಜ ಗುಣ, ಯಾವುದಕ್ಕೆ ನಾನು ಹೆದರಬೇಕು?

ಉತ್ತರ: ಎರಡನೇ ಕುರ್ಚಿ

"ಅಡಿಟಿಪ್ಪಣಿ" ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಬಾಂಧವ್ಯದ ಬಗ್ಗೆ ನಮ್ಮ ವೃತ್ತಿಯವರು ಇರುವುದಕ್ಕಿಂತ ಹೆಚ್ಚು ಖಚಿತವಾಗಿ ಮಾತನಾಡುವುದುಂಟು.

ನಿದ್ದೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮನೆಗಳಲ್ಲಿ ಜಗಳ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಪ್ರೌಢತೆಯ ಬದಲಾವಣೆಗಳೊಂದಿಗೆ ದೇಹದ ಗಡಿಯಾರವೂ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರುವ ಮೆಲಟೋನಿನ್ ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತದೆ. ಕೈಯಲ್ಲಿ ಫೋನ್ ಇದ್ದರೆ ಇನ್ನಷ್ಟು ತಡವಾಗಬಹುದು, ಆದರೆ ಮೂಲ ಕಾರಣ ಸೋಮಾರಿತನವಲ್ಲ. ಶಾಲೆಯ ಗಂಟೆ ಮಾತ್ರ ತನ್ನ ಸಮಯಕ್ಕೇ ಹೊಡೆಯುತ್ತದೆ. ನಿದ್ದೆಗೆಟ್ಟ ಮಗು ಬೆಳಗ್ಗೆ ಸಿಡುಕುವುದು ನಿಮ್ಮ ಮೇಲಿನ ತೀರ್ಪೇನೂ ಅಲ್ಲ.

ಮೊಡವೆಯ ಪ್ರಸಂಗಕ್ಕೆ ಡೇವಿಡ್ ಎಲ್ಕೈಂಡ್ 1967ರಲ್ಲೇ ಒಂದು ಹೆಸರು ಕೊಟ್ಟರು: "ಕಾಲ್ಪನಿಕ ಪ್ರೇಕ್ಷಕರು". ಇತರರ ಮನಸ್ಸಿನ ಬಗ್ಗೆ ಯೋಚಿಸುವ ಶಕ್ತಿ ಈ ವಯಸ್ಸಿನಲ್ಲಿ ಒಮ್ಮೆಲೇ ಆಳವಾಗುತ್ತದೆ, ಆದರೆ ಇತರರೂ ಸದಾ ತನ್ನ ಬಗ್ಗೆಯೇ ಯೋಚಿಸುತ್ತಿದ್ದಾರೆಂದು ಭಾಸವಾಗುತ್ತದೆ. "ನಿನಗೆ ಅರ್ಥವಾಗುವುದಿಲ್ಲ" ಎಂಬ ಮಾತಿಗೂ ಎಲ್ಕೈಂಡ್ ಅವರಲ್ಲಿ ಉತ್ತರವಿದೆ: ತನ್ನ ಅನುಭವ ಜಗತ್ತಿನಲ್ಲಿ ಯಾರಿಗೂ ಆಗದಂಥದ್ದು ಎಂಬ ನಂಬಿಕೆಯನ್ನು ಅವರು ಇದರ ಜೊತೆಗೇ ವಿವರಿಸಿದರು. ನಾವೆಲ್ಲ ಆ ವಯಸ್ಸಿನಲ್ಲಿ ಇದೇ ಮಾತನ್ನು ಯಾರಿಗೋ ಹೇಳಿದವರೇ ಅಲ್ಲವೇ?

ಮಿದುಳಿನ ಬಗ್ಗೆ ಹೇಳುವುದಾದರೆ, ಜೇ ಗೀಡ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದ ಪ್ರಕಾರ ಮುಂಭಾಗದ ಬೂದುದ್ರವ್ಯವು (ನರಕೋಶಗಳು ದಟ್ಟವಾಗಿರುವ ಪದರ) ಹುಡುಗಿಯರಲ್ಲಿ 11ರ, ಹುಡುಗರಲ್ಲಿ 12ರ ಆಸುಪಾಸಿನಲ್ಲಿ ಗರಿಷ್ಠ ಮಟ್ಟಕ್ಕೇರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಬಳಕೆಯಿಲ್ಲದ ಸಂಪರ್ಕಗಳು ಸವರಿಹೋಗಿ, ಉಳಿದವು ವೇಗಗೊಳ್ಳುತ್ತವೆ. ಯೋಜನೆ, ಸಂಯಮಗಳ ಕೇಂದ್ರವಾದ ಈ ಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಮೆಚ್ಚುಗೆ, ರೋಮಾಂಚನಗಳಿಗೆ ಸ್ಪಂದಿಸುವ ಭಾಗಗಳಾದರೋ ಅದಕ್ಕಿಂತ ಬೇಗ ಚುರುಕಾಗಿಬಿಡುತ್ತವೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಂಟಿಯಾಗಿ ಆಡುವಾಗ 13ರಿಂದ 16ರ ವಯಸ್ಸಿನವರು ದೊಡ್ಡವರಿಗಿಂತ ಹೆಚ್ಚೇನೂ ದುಡುಕಲಿಲ್ಲ. ಗೆಳೆಯರು ಪಕ್ಕದಲ್ಲಿ ಕುಳಿತಾಗ ದುಡುಕು ವಿಪರೀತ ಏರಿತು. ದೊಡ್ಡವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗಲಿಲ್ಲ. ಅಪಾಯ ಗೊತ್ತಿಲ್ಲದೆ ಆಗುವ ದುಡುಕಲ್ಲ ಅದು. ಗೊತ್ತಿದ್ದರೂ, ಆ ಗಳಿಗೆಯಲ್ಲಿ ಪಕ್ಕದವರ ಕಣ್ಣು ಹೆಚ್ಚು ತೂಗುತ್ತದೆ. ಆದ್ದರಿಂದ ಉಪದೇಶಕ್ಕಿಂತ, ಅವಳು ಯಾರೊಂದಿಗೆ, ಎಲ್ಲಿರುತ್ತಾಳೆ ಎಂಬುದನ್ನು ತಿಳಿದಿರುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗೆಳತಿಯರನ್ನು ಮನೆಗೆ ಬರಗೊಡಿ.

ಜಗಳದ ವಿಷಯದಲ್ಲಿ ಒಂದು ಸಮಾಧಾನ, ಒಂದು ಎಚ್ಚರಿಕೆ. ಹೆತ್ತವರೊಂದಿಗಿನ ಜಗಳಗಳ ಸಂಖ್ಯೆ ಹದಿಹರೆಯದ ಆರಂಭದಲ್ಲೇ ಹೆಚ್ಚಿದ್ದು, ಮುಂದೆ ಕಡಿಮೆಯಾಗುತ್ತದೆ. ಆದರೆ ಆಗುವ ಜಗಳಗಳ ಬಿಸಿ ಹದಿಹರೆಯದ ನಡುಭಾಗದವರೆಗೆ ಏರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತದೆ. ಆದ್ದರಿಂದ ಮುಂದಿನ ವರ್ಷ ಇನ್ನೂ ಸ್ವಲ್ಪ ಕಾವೇರಿದರೆ ಗಾಬರಿಯಾಗಬೇಡಿ.

ಹೆದರಬೇಕಾದ್ದು ಯಾವುದಕ್ಕೆ ಎಂದು ಕೇಳಿದಿರಿ. ಮಾನಸಿಕ ಕಾಯಿಲೆಗಳಲ್ಲಿ ಮೂರನೆಯ ಒಂದರಷ್ಟು 14ರ ವಯಸ್ಸಿಗೆ ಮೊದಲೇ, ಅರ್ಧದಷ್ಟು 18ರ ವಯಸ್ಸಿಗೆ ಮೊದಲೇ ಆರಂಭವಾಗಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವುದೂ ಸರಿಯಲ್ಲ. ಬಾಗಿಲು ಮುಚ್ಚಿಕೊಂಡ ಮಗು ಒಳಗೆ ಗೆಳತಿಯರೊಂದಿಗೆ ನಗುತ್ತಿದ್ದರೆ ಅದು ತನ್ನದೊಂದು ಜಾಗ ಹುಡುಕುತ್ತಿದೆ. ಗೆಳತಿಯರನ್ನೂ ಬಿಟ್ಟು, ಇಷ್ಟದ ಕೆಲಸಗಳನ್ನೂ ಬಿಟ್ಟು, ಊಟ ನಿದ್ದೆ ಕೆಟ್ಟು, ಎರಡು ವಾರಗಳ ಮೇಲೂ ಮಂಕಾಗಿಯೇ ಇದ್ದರೆ ವೈದ್ಯರನ್ನು ಕಾಣಬೇಕು. ತನ್ನನ್ನು ಗಾಯಪಡಿಸಿಕೊಂಡ ಗುರುತು ಕಂಡರೆ ಅಥವಾ ಬದುಕು ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಹೋಗಬೇಕು. ಅಂಥ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುವುದಿಲ್ಲ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗಳು ಮೊದಲನೆಯ ಗುಂಪಿನವಳಂತೆ ಕಾಣುತ್ತಾಳೆ.

ಬಾಗಿಲನ್ನು ತೆಗೆಸಲು ಹೋಗಬೇಡಿ, ತಟ್ಟಿ. ಎದುರುಬದುರು ಕೂರಿಸಿ ಮಾತನಾಡಿಸುವುದಕ್ಕಿಂತ, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಏನಾದರೂ ಕೆಲಸ ಮಾಡುವಾಗ ಈ ವಯಸ್ಸಿನವರ ಬಾಯಿ ತಾನಾಗಿ ಬಿಚ್ಚಿಕೊಳ್ಳುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಎಂಟು ತಿಂಗಳ ಕಥೆಯನ್ನೂ ಎಂದಾದರೂ ಅವಳಿಗೆ ಹೇಳಬಹುದು. ಕ್ಷಮಾಪಣೆಯ ಧಾಟಿಯಲ್ಲಿ ಬೇಡ. ಆಗ ನನಗೆ ಹುಷಾರಿರಲಿಲ್ಲ, ಅಪ್ಪ ನೋಡಿಕೊಂಡರು ಎಂಬಷ್ಟೇ ಸರಳವಾಗಿ.

ಕಿಟಕಿಬದಿ

ಬುಧವಾರ ತಪಾಸಣೆ ಇದೆ, ಹಿಂದಿನ ಖಿನ್ನತೆಯ ವಿಷಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಬಾಯಿ ಬಾರದಿದ್ದರೆ ಚೀಟಿಯನ್ನೇ ಕೊಡುತ್ತೇನೆ. ಮೊನ್ನೆಯಿಂದ ಬಾಗಿಲು ತಟ್ಟುತ್ತಿದ್ದೇನೆ. ಎರಡು ಬಾರಿ "ಆಮೇಲೆ" ಎಂದಳು, ಒಂದು ಬಾರಿ "ಬಾ" ಎಂದಳು. ಮೂರರಲ್ಲಿ ಒಂದು. ಇಷ್ಟು ಸಣ್ಣ ಲೆಕ್ಕವನ್ನು "ಅಡಿಟಿಪ್ಪಣಿ" ಅವರು ಒಪ್ಪುವುದಿಲ್ಲವೆಂದು ಗೊತ್ತು, ಆದರೂ ಬರೆದಿಡುತ್ತಿದ್ದೇನೆ.